ಗುಜರಿಯವನು 700 ಜಾಸ್ತಿ ಕೊಡ್ತಾನೆ

ಕಳೆದ ಶನಿವಾರ ಬಿಳಿಕೆರೆಗೆ ಹೋದಾಗ ಮನೆಯ ಇನ್ವರ್ಟರ್ ಕೀಂ ಕೀಂ ಅಂತ ಕೂಗ್ತಿತ್ತು. ಕರೆಂಟ್ ಹೋಗಿ ಹತ್ತು ನಿಮಿಷಕ್ಕೇ ಮನೆಯೆಲ್ಲ ಕತ್ತಲು. ಅಣ್ಣನ ಮಗಳು ಮೊಬೈಲ್ ಟಾರ್ಚ್ ಹಾಕ್ಕೊಂಡು ಹೋಂವರ್ಕ್ ಬರೀತಿದ್ದಳು.

"ಬ್ಯಾಟ್ರಿ ಸತ್ತೋಯ್ತು ಕಣಮ್ಮಾ, ಐದು ವರ್ಷ ಆಯ್ತಲ್ಲ" ಅಂದರು ಅಪ್ಪ. ಹುಣಸೂರಿನ ಅಂಗಡಿಗೆ ಫೋನ್ ಮಾಡಿ ವಿಚಾರಿಸಿದ್ದೂ ಆಗಿತ್ತು. ಹಳೇದು ಕೊಟ್ಟರೆ ಹೊಸದರ ಬೆಲೆಯಲ್ಲಿ 3,500 ರೂಪಾಯಿ ಕಮ್ಮಿ ಮಾಡ್ಕೋತಾರಂತೆ. ಆದರೆ ಊರಿಗೆ ವಾರಕ್ಕೊಮ್ಮೆ ಬರೋ ಗುಜರಿಯವನು ಅದೇ ಬ್ಯಾಟರಿಗೆ 4,200 ಅಂದಿದ್ದಾನೆ. "ಏಳ್ನೂರು ಜಾಸ್ತಿ. ಅವನಿಗೇ ಕೊಟ್ಬುಡ್ತೀನಿ."

ಬೇಡ ಅಂದೆ. ಅಪ್ಪನಿಗೆ ಕಾನೂನು ಗೀನೂನು ಅಂತ ಏನೋ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು.

ಐದು ವರ್ಷದ ಹಿಂದೆ ಇದೇ ಗೇಟಿನ ಹತ್ತಿರ ಹಳೇ ಬ್ಯಾಟರಿ ಮಾರಿದ್ದು ನಾನೇ. ಆಗ ವರ್ಕ್ ಫ್ರಂ ಹೋಮ್, ಊರಲ್ಲೇ ಇದ್ದೆ. ಚೌಕಾಸಿ ಮಾಡಿ ಅಂಗಡಿಗಿಂತ 300 ರೂಪಾಯಿ ಜಾಸ್ತಿ ಗಿಟ್ಟಿಸಿದೆ ಅಂತ ಹೆಮ್ಮೆ ಬೇರೆ. ಬಂದವನು ಮುಚ್ಚಳಗಳನ್ನೆಲ್ಲ ತೆಗೆದು, ಬ್ಯಾಟರಿಯನ್ನ ಚರಂಡಿ ಪಕ್ಕದ ಮಣ್ಣಿಗೆ ಬಗ್ಗಿಸಿದ. ಮಣ್ಣಲ್ಲಿ ನೊರೆ ಎದ್ದಿತು. "ನೀರು ಅಕ್ಕಾ. ತೂಕ ಬರುತ್ತೆ, ಖಾಲಿ ಮಾಡಿಯೇ ತಗೊಳ್ಳೋದು" ಅಂದ. ಅದು ನೀರಲ್ಲ, ಸಲ್ಫ್ಯೂರಿಕ್ ಆಸಿಡ್. ಎಂಜಿನಿಯರಿಂಗ್ ಓದಿದ ನನಗೆ ಅಷ್ಟು ಗೊತ್ತಿತ್ತು. ಆದರೂ ಸುಮ್ಮನಿದ್ದೆ. ದುಡ್ಡು ಆಗಲೇ ಕೈಲಿತ್ತಲ್ಲ. ವಾರದಲ್ಲಿ ಅಲ್ಲಿದ್ದ ಗರಿಕೆ ಸುಟ್ಟುಹೋಯ್ತು. ಅಣ್ಣನ ಮಗಳಿಗೆ ಆಗ ಎರಡು ವರ್ಷ, ಮಣ್ಣು ಸಿಕ್ಕರೆ ಬಾಯಿಗೆ ಹಾಕ್ಕೊಳ್ಳೋ ವಯಸ್ಸು. ಅವಳು ಆಡ್ತಿದ್ದದ್ದೂ ಅಲ್ಲೇ.

ಆಸಿಡ್‌ಗಿಂತ ಹೆಚ್ಚು ಹೆದರಬೇಕಾದದ್ದು ಅದರ ಜೊತೆ ಹೊರಗೆ ಬರೋ ಸೀಸದ ಕೆಸರಿಗೆ ಅಂತ ಆಮೇಲೆ ಓದಿ ತಿಳ್ಕೊಂಡೆ. ಇನ್ವರ್ಟರ್, ಟ್ರ್ಯಾಕ್ಟರ್, ಕಾರಿನ ಬ್ಯಾಟರಿಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಆಸಿಡ್ ಮಳೆಗೆ ತೊಳೆದುಹೋಗಬಹುದು. ಸೀಸ ಎಲ್ಲಿಗೂ ಹೋಗಲ್ಲ, ಬಿದ್ದ ಜಾಗದಲ್ಲೇ ವರ್ಷಗಟ್ಟಲೆ ಕೂರುತ್ತೆ. ಹೊಟ್ಟೆಗೆ ಹೋದ ಸೀಸವನ್ನ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳೋದು ಚಿಕ್ಕ ಮಕ್ಕಳ ದೇಹ. ಪೆಟ್ಟು ಬೀಳೋದು ಮಿದುಳಿಗೆ. ಇಷ್ಟಾದರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಕೊಟ್ಟ ವರದಿ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಸೀಸ ಹೆಚ್ಚಿದೆ. ಹಳೇ ಬ್ಯಾಟರಿಗಳನ್ನ ಎಲ್ಲೆಂದರಲ್ಲಿ ಒಡೆದು ಕರಗಿಸೋದು ಅದಕ್ಕೆ ದೊಡ್ಡ ಕಾರಣಗಳಲ್ಲೊಂದು ಅಂತ ಆ ವರದಿ ಎತ್ತಿ ತೋರಿಸುತ್ತೆ.

ಗುಜರಿಯವನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಬರಿಗೈಲಿ ಮುಚ್ಚಳ ತೆಗೆದವನು ಅವನು, ಸೀಸ ಮೊದಲು ಸೇರೋದು ಅವನ ಮನೆಗೇ. ಅವನು 700 ಜಾಸ್ತಿ ಕೊಡೋದು ಹೇಗೆ ಅಂತ ಯೋಚಿಸಿದರೆ ಲೆಕ್ಕ ಸುಲಭ. ಸರಿಯಾದ ಕಾರ್ಖಾನೆಯಲ್ಲಿ ಬ್ಯಾಟರಿಯನ್ನ ಯಂತ್ರದಲ್ಲಿ ಒಡೀತಾರೆ, ಆಸಿಡ್ಡಿನ ಹುಳಿ ಕಳೆದು ನೀರನ್ನ ಶುದ್ಧ ಮಾಡ್ತಾರೆ, ಕುಲುಮೆಯ ಹೊಗೆಯನ್ನ ಸೋಸ್ತಾರೆ. ಅದಕ್ಕೆಲ್ಲ ಖರ್ಚಿದೆ, ಮೇಲೆ ಜಿಎಸ್‌ಟಿ. ಸೀಸ 327 ಡಿಗ್ರಿಗೆ ಕರಗಿಬಿಡುತ್ತೆ. ಊರಾಚೆ ಒಂದು ಗುಂಡಿ, ಒಂದಷ್ಟು ಇದ್ದಿಲು, ಒಂದು ಕೊಡಲಿ ಇದ್ದರೆ ಕೆಲಸ ನಡೆಯುತ್ತೆ. ಬಿಲ್ ಇಲ್ಲ, ಫಿಲ್ಟರ್ ಇಲ್ಲ. ಉಳಿದ ದುಡ್ಡಲ್ಲೇ ನಮಗೆ 700 ಸಿಗೋದು.

ಹಾಗಾದರೆ ಕಾನೂನು ಏನು ಮಾಡ್ತಿದೆ? ಇದೆ, ಒಳ್ಳೇದೇ ಇದೆ. ಸೀಸದ ಬ್ಯಾಟರಿಗೆ 2001ರಲ್ಲೇ ನಿಯಮ ಬಂದಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅದರ ಜಾಗಕ್ಕೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನ ತಂತು. ವಾಚಿನ ಗುಂಡಿ ಸೆಲ್‌ನಿಂದ ಎಲೆಕ್ಟ್ರಿಕ್ ಕಾರಿನ ಬ್ಯಾಟರಿವರೆಗೆ ಎಲ್ಲವೂ ಅದರಲ್ಲಿ ಬರುತ್ತೆ. ಹೂಳೋ ಹಾಗಿಲ್ಲ, ಸುಡೋ ಹಾಗಿಲ್ಲ. ಮಾರಿದ ಕಂಪನಿಯೇ ಅಷ್ಟು ತೂಕದ ಹಳೇ ಬ್ಯಾಟರಿ ಮರುಬಳಕೆಯಾಗೋ ಹಾಗೆ ನೋಡ್ಕೋಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯಾದ ಘಟಕ ಬ್ಯಾಟರಿ ಸಂಸ್ಕರಿಸಿದರೆ ಅದಕ್ಕೆ ತೂಕದ ಲೆಕ್ಕದಲ್ಲಿ ಪ್ರಮಾಣಪತ್ರ ಸಿಗುತ್ತೆ. ಕಂಪನಿಗಳು ಅದನ್ನ ಕೊಂಡು ತಮ್ಮ ಗುರಿ ಮುಟ್ಟಿಸಿದ್ದನ್ನ ತೋರಿಸ್ತವೆ. ನಮಗೂ ಒಂದು ಕರ್ತವ್ಯ ಬರೆದಿದ್ದಾರೆ: ಬ್ಯಾಟರಿಯನ್ನ ಬೇರೆ ಕಸದ ಜೊತೆ ಬೆರೆಸಬಾರದು, ಸಂಗ್ರಹಿಸೋ ಅಥವಾ ಮರುಬಳಕೆ ಮಾಡೋ ಕೈಗೇ ಕೊಡಬೇಕು.

ಇಷ್ಟೆಲ್ಲ ಟನ್ ಲೆಕ್ಕದಲ್ಲಿ ನಡೆಯೋ ವ್ಯವಹಾರ. ಆದರೆ ಬ್ಯಾಟರಿ ಎಲ್ಲಿಗೆ ಹೋಗಬೇಕು ಅನ್ನೋ ತೀರ್ಮಾನ ಆಗೋದು ನಮ್ಮ ಗೇಟಿನಲ್ಲಿ, 700 ರೂಪಾಯಿಗೆ. ಹುಣಸೂರು, ಎಚ್.ಡಿ. ಕೋಟೆ ಕಡೆ ಕಾಡಂಚಿನಲ್ಲಿ ಆನೆಗೆ ಹಾಕಿರೋ ಸೋಲಾರ್ ಬೇಲಿಗೂ ಬ್ಯಾಟರಿ ಬೇಕು, ಟ್ರ್ಯಾಕ್ಟರಿಗೂ ಬೇಕು. ಅಂಗಡಿ ಹತ್ತು ಹದಿನೈದು ಕಿಲೋಮೀಟರ್ ದೂರ, ಗುಜರಿ ಆಟೋ ಬಾಗಿಲಿಗೇ ಬರುತ್ತೆ. ರೈತ ಯಾರಿಗೆ ಕೊಡ್ತಾನೆ ಹೇಳಿ.

ನಮ್ಮನೆ ಗ್ಯಾಸ್ ಸಿಲಿಂಡರನ್ನ ಯಾರೂ ಗುಜರಿಗೆ ಹಾಕಲ್ಲ. ಹಿಂದೆ ಗಾಜಿನ ಸೋಡಾ ಬಾಟಲಿಯನ್ನೂ ಬಿಸಾಕ್ತಿರಲಿಲ್ಲ. ಠೇವಣಿ ಇರ್ತಿತ್ತು. ಬ್ಯಾಟರಿಗೂ ಅಂಥದ್ದೊಂದು ಠೇವಣಿ ವ್ಯವಸ್ಥೆ ಮಾಡಬಹುದು ಅಂತ 2022ರ ನಿಯಮದಲ್ಲೇ ಇದೆ. 'ಮಾಡಬಹುದು' ಅಂತಿದೆ, 'ಮಾಡಲೇಬೇಕು' ಅಂತಿಲ್ಲ. ನನ್ನ ತಕರಾರು ಆ ಒಂದು ಪದದ್ದು. ಕೊಳ್ಳುವಾಗಲೇ 2,000 ಇಟ್ಟುಕೊಂಡು, ವಾಪಸ್ ತಂದಾಗ ಕೊಟ್ಟರೆ ಅಪ್ಪನ ಜೊತೆ ನಾನು ವಾದ ಮಾಡೋ ಅಗತ್ಯವೇ ಇರ್ತಿರಲಿಲ್ಲ.

ಸಣ್ಣ ಬ್ಯಾಟರಿಗಳದ್ದು ತಲೆಕೆಳಗಾದ ಕಥೆ. ಅವುಗಳಿಗೆ ಬೆಲೆಯೇ ಇಲ್ಲ, ಗುಜರಿಯವನೂ ಮೂಸಿ ನೋಡಲ್ಲ. ಮೈಸೂರಿನ ನನ್ನ ರೂಮಿನ ಡ್ರಾಯರ್ ತೆಗೆದರೆ ಉಬ್ಬಿದ ಪವರ್ ಬ್ಯಾಂಕ್ ಒಂದು, ಸತ್ತ ಇಯರ್‌ಬಡ್ಸ್ ಎರಡು ಜೊತೆ, ಟ್ರಿಮ್ಮರ್, ಹಳೇ ಫೋನು. ನಿಮ್ಮದೂ ಹೆಚ್ಚು ಕಮ್ಮಿ ಹಾಗೇ ಇರುತ್ತೆ. ಇದನ್ನ ಕಸದ ಗಾಡಿಗೆ ಹಾಕಿದರೆ, ಒತ್ತಿ ತುಂಬುವಾಗ ಲಿಥಿಯಂ ಸೆಲ್ ಒಡೆದು ಬೆಂಕಿ ಹತ್ತಿಕೊಳ್ಳಬಹುದು. ಪ್ಯಾಕೆಟ್ ಮೇಲೆ ಗೀಟು ಹಾಕಿದ ಚಕ್ರದ ಕಸದಡಬ್ಬಿ ಚಿತ್ರ ಇರೋದು ಅದಕ್ಕೇ. ನಿಯಮದ ಪ್ರಕಾರ ಹೊಸ ಸಣ್ಣ ಬ್ಯಾಟರಿಗಳಲ್ಲಿ 2027-28ಕ್ಕೆ 5%, 2030-31ಕ್ಕೆ 20% ಮರುಬಳಕೆಯ ವಸ್ತು ಇರಬೇಕು. ನಮ್ಮ ಡ್ರಾಯರ್‌ಗಳಿಂದ ಹೊರಗೆ ಬಂದರೆ ತಾನೆ! ಟೇಪ್ ಸುತ್ತಿ, ಒಂದು ಡಬ್ಬಿಗೆ ಹಾಕಿಟ್ಟಿದ್ದೀನಿ. ಈ ವಾರ ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಟ್ಟು ಬರಬೇಕು.

ಬ್ಯಾಟರಿ ಕೊನೆಗೆ ಅಂಗಡಿಗೇ ಹೋಯ್ತು. ಅಣ್ಣ, ನಾನು ಇಬ್ಬರೂ ಸೇರಿ ಆಟೋಗೆ ಎತ್ತಿಟ್ಟೆವು. ಅಲುಗಾಡಬಾರದು ಅಂತ ದಾರಿಯುದ್ದಕ್ಕೂ ನಾನು ಕೈ ಹಿಡ್ಕೊಂಡೇ ಕೂತಿದ್ದೆ. ಅಂಗಡಿಯವರು ಬಿಲ್ಲಿನಲ್ಲಿ ಹಳೇ ಬ್ಯಾಟರಿಯ ಲೆಕ್ಕ ಬರೆದುಕೊಟ್ಟರು. ಮನೆಗೆ ಬಂದು ಅಪ್ಪನಿಗೆ 700 ಫೋನ್‌ಪೇ ಮಾಡಿದೆ. "ಆಟೋ ಬಾಡಿಗೆ?" ಅಂದರು. ಅದನ್ನೂ ಹಾಕಿದೆ.

ರಾತ್ರಿ ಊಟ ಆದಮೇಲೆ ಅತ್ತಿಗೆಗೆ ಐದು ವರ್ಷದ ಹಿಂದಿನದ್ದನ್ನ ಹೇಳಿದೆ, ಗರಿಕೆ ಸುಟ್ಟಿದ್ದು, ನಾನು ಸುಮ್ಮನಿದ್ದದ್ದು ಎಲ್ಲ. ಸೀಸ ಎಷ್ಟಿದೆ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಒಂದು ಸಲ ಡಾಕ್ಟರನ್ನ ಕೇಳಿ ಮಾಡಿಸೋಣ ಅಂದೆ. ಅವರು ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ತಟ್ಟೆಗಳನ್ನ ಒಂದರ ಮೇಲೊಂದು ಜೋಡಿಸ್ತಾ ತುಂಬಾ ಹೊತ್ತು ಸುಮ್ಮನಿದ್ದರು.

"ಶನಿವಾರ ಅವಳಿಗೆ ಅರ್ಧ ದಿನ ಸ್ಕೂಲು. ಮೈಸೂರಿಗೆ ಕರ್ಕೊಂಡ್ ಬರ್ತೀನಿ, ನೀನೂ ಬಾ" ಅಂದರು.