ಮಂಡ್ಯ ಸೀಮೆಯ ಕ್ರೈಸ್ತರ ರಕ್ಷಾವಸ್ತುಗಳು ಮತ್ತು ಸಂಶೋಧನೆಯ ಅವಸರ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹೊಸ ಮನೆಯ ಮುಂದೆ ಬೂದುಗುಂಬಳ ತೂಗುತ್ತದೆ, ಹೊಲದ ನಡುವೆ ಬೆದರುಗೊಂಬೆ ನಿಲ್ಲುತ್ತದೆ, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಬೀಳುತ್ತದೆ. ಅದೇ ಬೀದಿಯ ಕಥೋಲಿಕರ ಮನೆಯ ಬಾಗಿಲ ಮೇಲೆ ಗರಿಗಳ ಭಾನುವಾರದಂದು ತಂದ ಗರಿ ಶಿಲುಬೆಯ ಆಕಾರದಲ್ಲಿ ಸಿಕ್ಕಿಸಿಕೊಂಡಿದ್ದರೆ, ಒಳಗೆ ಸೀಸೆಯಲ್ಲಿ ತೀರ್ಥವೂ ಗೋಡೆಗೆ ಜಪಸರವೂ ಇದ್ದರೆ, ನೋಡಿದವರು ಕೂಡಲೇ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಇವೆಲ್ಲ ಮತಾಂತರಕ್ಕೆ ಮುಂಚಿನ ನಂಬಿಕೆಗಳ ಪಳೆಯುಳಿಕೆ, ಹೆಸರು ಬದಲಾಗಿದೆ, ಹೂರಣ ಹಳೆಯದೇ. ಈ ವಿವರಣೆ ಸುಲಭವಾದುದು. ಸುಲಭವಾದುದರಿಂದಲೇ ಸಂಶೋಧನ ಪ್ರಬಂಧಗಳಿಗೆ ಅಪಾಯಕಾರಿಯಾದುದು.

ವಸ್ತುವಿನ ಮೂಲಕ ದುಷ್ಟಶಕ್ತಿಯನ್ನು ದೂರವಿಡುವ ನಂಬಿಕೆ ಕಾವೇರಿ ತೀರಕ್ಕೆ ಬಂದ ಮೇಲೆ ಕ್ರೈಸ್ತಧರ್ಮಕ್ಕೆ ಅಂಟಿಕೊಂಡದ್ದಲ್ಲ. ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯದಲ್ಲಿ ಪೌಲನ ಮೈಗೆ ತಾಗಿದ ವಸ್ತ್ರಗಳನ್ನು ರೋಗಿಗಳ ಬಳಿಗೆ ಒಯ್ದಾಗ ರೋಗಗಳು ವಾಸಿಯಾಗಿ ದುರಾತ್ಮಗಳು ಬಿಟ್ಟುಹೋದ ಪ್ರಸಂಗವಿದೆ. ಉತ್ತರ ಆಫ್ರಿಕದ ತೆರ್ತುಲಿಯನ್ ಮೂರನೆಯ ಶತಮಾನದ ಆರಂಭದಲ್ಲಿಯೇ, ಕ್ರೈಸ್ತರು ಮನೆಯಿಂದ ಹೊರಡುವಾಗ, ಉಣ್ಣುವಾಗ, ಮಲಗುವಾಗ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುವ ರೂಢಿಯನ್ನು ದಾಖಲಿಸಿದ್ದಾನೆ. 1614ರ ರೋಮನ್ ಆಚರಣಾ ಗ್ರಂಥದಲ್ಲಿ ತೀರ್ಥವನ್ನು ಸಿದ್ಧಪಡಿಸುವ ಕ್ರಮ ಇನ್ನೂ ಸ್ಪಷ್ಟ: ಮೊದಲು ಉಪ್ಪಿನಿಂದ, ಅನಂತರ ನೀರಿನಿಂದ ದುಷ್ಟಶಕ್ತಿಯನ್ನು ಉಚ್ಚಾಟಿಸಿ, ಆಶೀರ್ವದಿಸಿ, ಬಳಿಕ ಎರಡನ್ನೂ ಬೆರೆಸಬೇಕು. ಮಳವಳ್ಳಿ ಕಡೆಯ ಅಜ್ಜಿಯೊಬ್ಬಳು ಹಸುಗೂಸಿನ ತೊಟ್ಟಿಲಿಗೆ ತೀರ್ಥ ಚಿಮುಕಿಸಿದರೆ ಅವಳು ತನ್ನ ಧರ್ಮದ ಅಂಚಿನಲ್ಲಿಲ್ಲ, ಅದರ ಸಾಕಷ್ಟು ಒಳಗೇ ಇದ್ದಾಳೆ.

ಹಾಗೆಂದು ಆ ಧರ್ಮ ಈ ವಿಷಯದಲ್ಲಿ ಒಂದೇ ಮನಸ್ಸಿನದಾಗಿತ್ತು ಎಂದಲ್ಲ. ಮೋಶೆ ಮಾಡಿಸಿದ ಕಂಚಿನ ಸರ್ಪವನ್ನು ನೋಡಿ ಜನ ಬದುಕಿಕೊಂಡರು; ಅದೇ ಸರ್ಪಕ್ಕೆ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯನು ಅದನ್ನು ಒಡೆದುಹಾಕಿದನು. ಪ್ರತಿಮೆಗಳನ್ನು ಗೌರವಿಸಬೇಕು, ಆದರೆ ಅವುಗಳೊಳಗೆ ದೈವತ್ವವೋ ಶಕ್ತಿಯೋ ಇದೆಯೆಂದು ನಂಬಬಾರದು ಎಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಪ್ರೊಟೆಸ್ಟಂಟರು ಇನ್ನೂ ಮುಂದೆ ಹೋದರು. ಆದ್ದರಿಂದ ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎಂದು ಆರಂಭವಾಗುವ ವಾಕ್ಯವನ್ನು ಯಾರೇ ಬರೆದರೂ, ಯಾವ ಕ್ರೈಸ್ತರು ಎಂದು ಕೇಳಲೇಬೇಕಾಗುತ್ತದೆ.

ಈ ಇಕ್ಕಟ್ಟು ಇದೇ ನೆಲದಲ್ಲಿ ಎಷ್ಟು ತೀವ್ರವಾಗಿತ್ತು ಎಂಬುದಕ್ಕೆ ಮೈಸೂರು ಮಿಷನ್ನಿನ ಇತಿಹಾಸವೇ ಸಾಕ್ಷಿ. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮಬೋಧೆಯ ಗ್ರಂಥಗಳನ್ನು ಬರೆದನು. ಅವನ ಪರಂಪರೆಯವರು ಸ್ಥಳೀಯ ಆಚಾರಗಳಲ್ಲಿ ಯಾವುದು ಲೌಕಿಕ, ಯಾವುದು ಧಾರ್ಮಿಕ ಎಂದು ಪ್ರತಿದಿನ ಬಿಡಿಸಬೇಕಾಯಿತು. 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೊನ್ ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆ ಮಧುರೈ ಮತ್ತು ಕರ್ನಾಟಿಕ್ ಮಿಷನ್ನುಗಳ ಜೊತೆಗೆ ಮೈಸೂರು ಮಿಷನ್ನಿಗೂ ಅನ್ವಯಿಸುತ್ತಿತ್ತು. ಪಿಳ್ಳೆಯಾರ್ ಚಿಹ್ನೆಯ ತಾಳಿಯನ್ನು ಕ್ರೈಸ್ತ ಹೆಣ್ಣುಮಕ್ಕಳು ಧರಿಸಕೂಡದು, ಶಿಲುಬೆಯ ಚಿತ್ರವಿರುವುದನ್ನು ಧರಿಸಬಹುದು. ಹಣೆಗೆ ಬೂದಿ ಬಳಿದುಕೊಳ್ಳಕೂಡದು. ಸ್ವಾರಸ್ಯವಾದ ವಿಧಿ ಬೇರೊಂದು. ದೀಕ್ಷಾಸ್ನಾನದಲ್ಲಿ ಉಗುಳು ಸೋಕಿಸುವ ಕ್ರಿಯೆಯನ್ನು, ಎಂಜಲೆಂದು ಇಲ್ಲಿಯವರು ಹೇಸುವರೆಂಬ ಕಾರಣಕ್ಕೆ, ಮಿಷನರಿಗಳು ಕೈಬಿಟ್ಟಿದ್ದರು. ಅದನ್ನು ಬಿಡಕೂಡದೆಂದು ಆಜ್ಞೆ ತಾಕೀತು ಮಾಡಿತು. 1744ರಲ್ಲಿ 14ನೆಯ ಬೆನೆಡಿಕ್ಟ್ ಪೋಪರು ಈ ವಿವಾದಕ್ಕೆ ತೆರೆ ಎಳೆದರು. ತಾಳಿ ಉಳಿಯಿತು, ಅದರ ಮೇಲಿನ ಚಿತ್ರ ಬದಲಾಯಿತು. ಬೂದಿಯೂ ಹೋಗಲಿಲ್ಲವೆನ್ನಬೇಕು: ಹಿಂದಿನ ವರ್ಷದ ಗರಿಯನ್ನು ಸುಟ್ಟ ಬೂದಿ ವಿಭೂತಿ ಬುಧವಾರದಂದು ಗುರುವಿನ ಕೈಯಿಂದಲೇ ಹಣೆಗೆ ಬರುತ್ತದೆ. ಇದನ್ನು ‘ಪಳೆಯುಳಿಕೆ’ ಎನ್ನುವವರು ನೂರಾರು ಪುಟಗಳ ಆ ವಾಗ್ವಾದವನ್ನು ಒಂದು ಪದದಿಂದ ಅಳಿಸಿಹಾಕುತ್ತಿರುತ್ತಾರೆ.

1799ರ ನಂತರ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ ಅಬ್ಬೆ ದ್ಯುಬುವಾ, ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರು, ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿದವನೂ ಹೌದು. ಸಿಡುಬನ್ನು ದೇವಿಯ ಮುನಿಸೆಂದು ಕಾಣುತ್ತಿದ್ದ ಊರುಗಳಲ್ಲಿ ಒಬ್ಬನೇ ಮನುಷ್ಯ ತೀರ್ಥವನ್ನೂ ಲಸಿಕೆಯನ್ನೂ ಹಿಡಿದು ನಡೆದಿದ್ದಾನೆ. ಮೂಢನಂಬಿಕೆ–ವಿಜ್ಞಾನ ಎಂಬ ಜೋಡಿ ಡಬ್ಬಿಗಳಲ್ಲಿ ಅವನನ್ನು ಯಾವುದರೊಳಗೆ ತುಂಬಬೇಕು?

ನೆರೆಯ ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯದ ಐತಿಹ್ಯ ಇನ್ನೂ ತೊಡಕಿನದು. ಉಳುವಾಗ ರೈತನಿಗೊಂದು ಮರದ ಸುರೂಪ ಸಿಕ್ಕಿತು; ಬೊಂಬೆಯೆಂದು ಮಕ್ಕಳಿಗೆ ಆಡಲು ಕೊಟ್ಟ; ನಿಲುವಂಗಿಯವರೊಬ್ಬರು ಕನಸಿನಲ್ಲಿ ಬಂದು ಗುಡಿ ಕಟ್ಟೆಂದರು; ಕಡೆಗಣಿಸಿದ್ದಕ್ಕೆ ಮನೆಗೆ ಕಷ್ಟ ಬಂತು; ಆಮೇಲೆ ಗುಡಿ ಎದ್ದಿತು. ನೇಗಿಲಿಗೆ ಸಿಕ್ಕ ದೇವರು, ಕನಸು, ಮುನಿಸು, ಗುಡಿ – ಈ ಹಂದರ ಹಳೆ ಮೈಸೂರಿನ ಯಾವ ಜನಪದ ವಿದ್ಯಾರ್ಥಿಗೂ ಅಪರಿಚಿತವಲ್ಲ. ಟ್ರೆಂಟ್ ಸಭೆಯ ಮಾತಿನಂತೆ ಮರದ ಸುರೂಪಕ್ಕೆ ಮುನಿಸಿಕೊಳ್ಳುವ ಶಕ್ತಿಯಿರಕೂಡದು. ಆದರೂ 2019ರಲ್ಲಿ ರೋಮ್ ಈ ದೇವಾಲಯಕ್ಕೆ ಬೆಸಿಲಿಕಾ ಪದವಿ ನೀಡಿತು. ಸಂತನು ದೇವರಲ್ಲಿ ಬಿನ್ನವಿಸುತ್ತಾನೆ ಎಂಬ ಗುರುಗಳ ಬೋಧೆಯೂ ‘ಅಂತೋಣಿಯಪ್ಪ ಕಾಯ್ತಾನೆ’ ಎಂಬ ಹರಕೆಯವರ ಮಾತೂ ಒಂದೇ ಚಾವಣಿಯಡಿ ಬಾಳುತ್ತವೆ. ಹರಕೆಯವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ.

ಇದನ್ನು ಜೈನ ಸಾಹಿತ್ಯದ ಅಭ್ಯಾಸಿಗಳು ಅಚ್ಚರಿಯಿಂದ ನೋಡಬೇಕಾಗಿಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಲೋಕಮೂಢ, ದೇವಮೂಢ, ಪಾಷಂಡಿಮೂಢಗಳನ್ನು ಸಮ್ಯಕ್ತ್ವದ ದೋಷಗಳೆಂದು ಎಣಿಸುತ್ತದೆ. ವರ ಬೇಡಿ ರಾಗದ್ವೇಷಯುಕ್ತ ದೇವತೆಗಳನ್ನು ಪೂಜಿಸುವುದೇ ದೇವಮೂಢ. 12ನೆಯ ಶತಮಾನದ ಬ್ರಹ್ಮಶಿವ ಸಮಯಪರೀಕ್ಷೆಯಲ್ಲಿ ಪರಮತದ ಆಚರಣೆಗಳನ್ನು ಕಟುವಾಗಿ ಲೇವಡಿ ಮಾಡಿದ್ದಾನೆ. ಆದರೆ ಅವನಿಗೂ ಮೊದಲೇ, ಶಕ 861ರಲ್ಲಿ, ಮಾನ್ಯಖೇಟದಲ್ಲಿ ಇಂದ್ರನಂದಿಯು ಜ್ವಾಲಾಮಾಲಿನೀಕಲ್ಪವನ್ನು ಮುಗಿಸಿದ್ದನು. ಬ್ರಹ್ಮರಾಕ್ಷಸ ಹಿಡಿದ ಶಿಷ್ಯೆ ಕಮಲಶ್ರೀಯನ್ನು ಬಿಡಿಸಲು ಹೇಲಾಚಾರ್ಯರು ನೀಲಗಿರಿಯಲ್ಲಿ ಜ್ವಾಲಾಮಾಲಿನಿಯನ್ನು ಆರಾಧಿಸಿದ ಕಥೆಯೇ ಅದರ ಉಗಮಕಥೆ. ಹಿಡಿಯುವ ಗ್ರಹಗಳ ಬಗೆಗಳೂ ಲಕ್ಷಣಗಳೂ ಅದರಲ್ಲಿವೆ. ಮಂಡ್ಯ ಜಿಲ್ಲೆಯಲ್ಲಿಯೇ ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದಲ್ಲಿ ಎಲ್ಲವನ್ನೂ ತೊರೆದ ಬಾಹುಬಲಿ ನಿಂತಿದ್ದಾನೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಕಂಬದ ತುದಿಗೆ ಬ್ರಹ್ಮಯಕ್ಷ ಕುಳಿತಿದ್ದಾನೆ, ಊರಿನ ಹೆಸರೇ ಆ ಕಂಬದ್ದು. ವೀತರಾಗನಿಂದ ಮೋಕ್ಷದ ದಾರಿ, ಯಕ್ಷನಿಂದ ಮನೆಯ ಕಾವಲು ಎಂಬ ಈ ಹಂಚಿಕೆಯನ್ನು ಒಪ್ಪಿಕೊಂಡವರಿಗೆ ದೇವರು ಮತ್ತು ಸಂತ, ಪೂಜೆ ಮತ್ತು ಗೌರವ ಎಂಬ ಕಥೋಲಿಕ ಹಂಚಿಕೆ ಅರ್ಥವಾಗದಿದ್ದರೆ ಅದು ಓದಿನ ಕೊರತೆಯಲ್ಲ, ಮನಸ್ಸಿನದು.

ಎಲ್ಲವನ್ನೂ ಸಹಾನುಭೂತಿಯಿಂದ ನೋಡಿ ಸುಮ್ಮನಿರಬೇಕೆಂದು ಇದರ ಅರ್ಥವಲ್ಲ. ಗೆರೆ ಎಳೆಯಬೇಕಾದ ಜಾಗವಿದೆ. ಅದು ವಸ್ತುವಿನಲ್ಲಿಲ್ಲ, ವಸ್ತುವನ್ನು ಹಿಡಿದ ಕೈ ಏನು ಮಾಡುತ್ತದೆ ಎಂಬುದರಲ್ಲಿದೆ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯು ದೇಹಕ್ಕೆ ಹಾನಿ ತಾರದ ಪೂಜಾವಿಧಿಗಳನ್ನು ಮುಟ್ಟುವುದಿಲ್ಲ. ಭೂತ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದನ್ನು, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರದ ದಾರ ಕಟ್ಟುವುದನ್ನು ಅಪರಾಧವೆನ್ನುತ್ತದೆ. ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ದೆವ್ವ ಹಿಡಿದವರ ಮೇಲೆ ಉಚ್ಚಾಟನೆಯ ವಿಧಿ ನಡೆಸಕೂಡದೆಂದು ಕಥೋಲಿಕ ಧರ್ಮಸಭೆಯ ಕಾನೂನೂ ಹೇಳುತ್ತದೆ. ತೀರ್ಥ ಭಯವನ್ನು ತಗ್ಗಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಅದೇ ತೀರ್ಥ ಮೂರ್ಛೆರೋಗದ ಹುಡುಗಿಯನ್ನು ಆಸ್ಪತ್ರೆಯಿಂದ ದೂರವಿಟ್ಟರೆ, ಅವಳ ಮೈಮೇಲಿನ ‘ಗಾಳಿ’ಗೆ ಬೀದಿಯ ವಿಧವೆಯೊಬ್ಬಳನ್ನು ಹೊಣೆ ಮಾಡಿದರೆ, ಆಗ ಸಂಸ್ಕೃತಿಯ ವೈವಿಧ್ಯದ ಮಾತು ನಾಚಿಕೆಗೇಡಿನದು. ಈ ಮಾತು ಇಗರ್ಜಿಗೆಷ್ಟೋ ಬಸದಿಗೂ ಗುಡಿಗೂ ದರ್ಗಾಕ್ಕೂ ಅಷ್ಟೇ.

ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳ ಪ್ರಶ್ನಾವಳಿಯಲ್ಲಿ ‘ನೀವು ದೆವ್ವವನ್ನು ನಂಬುತ್ತೀರಾ’ ಎಂಬ ಪ್ರಶ್ನೆ ಇದ್ದರೆ ಅದನ್ನು ಹೊಡೆದುಹಾಕುವುದು ಲೇಸು. ಅದಕ್ಕೆ ಬರುವ ಉತ್ತರ ಕೇಳಿದವರ ಮುಖ ನೋಡಿ ಕೊಟ್ಟದ್ದಾಗಿರುತ್ತದೆ. ಬದಲಿಗೆ ಗರಿಯನ್ನು ಬಾಗಿಲಿಗೆ ಸಿಕ್ಕಿಸುವವರು ಮನೆಯಲ್ಲಿ ಯಾರು, ತೀರ್ಥದ ಸೀಸೆ ಯಾವ ರಾತ್ರಿ ಹೊರಬರುತ್ತದೆ, ಜಪಸರ ಹರಿದರೆ ಏನು ಮಾಡುತ್ತಾರೆ ಎಂದು ಕೇಳಬೇಕು. ಆಶೀರ್ವಾದ ಪಡೆದ ವಸ್ತುವನ್ನು ಕಸಕ್ಕೆ ಎಸೆಯುವಂತಿಲ್ಲ. ಸುಡಬೇಕು, ಇಲ್ಲವೇ ಮಣ್ಣಿನಲ್ಲಿ ಹೂಳಬೇಕು. ಅದನ್ನು ಯಾವ ಮೂಲೆಯಲ್ಲಿ, ಯಾರ ಕೈಯಿಂದ, ಯಾವ ಮಾತು ಹೇಳಿ ಹೂಳುತ್ತಾರೆ ಎಂಬ ವಿವರ ಮೊದಲು ಟಿಪ್ಪಣಿ ಪುಸ್ತಕಕ್ಕೆ ಬರಲಿ.