ಖಾಲಿ ಮೆಮೊರಿಯ ಲೆಕ್ಕ

ಕಂಪ್ಯೂಟರಿನ ಮೆಮೊರಿ ಖಾಲಿ ಇದ್ದಷ್ಟೂ ವ್ಯರ್ಥ ಎಂಬ ತತ್ತ್ವದ ಮೇಲೆ ಇಂದಿನ ಆಪರೇಟಿಂಗ್ ಸಿಸ್ಟಂಗಳು ಕೆಲಸ ಮಾಡುತ್ತವೆ. ಡಿಸ್ಕಿನಿಂದ ಒಮ್ಮೆ ಓದಿದ ಫೈಲು ಮತ್ತೆ ಬೇಕಾದೀತೆಂದು ಅದರ ಪ್ರತಿಯನ್ನು ಮೆಮೊರಿಯಲ್ಲೇ ಇರಿಸಿಕೊಳ್ಳುತ್ತವೆ. ಇದೇ ಕ್ಯಾಶ್. ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ತುಣುಕು ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡು ಬೇಕು. ಮೆಮೊರಿಯಿಂದಾದರೆ ಅದರ ಲಕ್ಷದಲ್ಲೊಂದು ಪಾಲು ಸಾಕು.

ಮೆಮೊರಿ ತೀರ ಕಡಿಮೆಯಿದ್ದಾಗ ಈ ವ್ಯವಸ್ಥೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯೂ ಸೇರಿ 2001ರಲ್ಲಿ ರೂಪಿಸಿದ ಅಂಗೈಯಗಲದ ಕಂಪ್ಯೂಟರ್ 'ಸಿಂಪ್ಯೂಟರ್' ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತಿತ್ತು. ಮೂಲ ವಿನ್ಯಾಸದಲ್ಲಿದ್ದ ಮೆಮೊರಿ 32 ಎಂಬಿ. ಅದನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ 4 ಕೆಬಿಯ ಪುಟಗಳಾಗಿ ಕತ್ತರಿಸಿಕೊಂಡರೆ ಸಿಗುವುದು 8,192 ಪುಟ. ಕನ್ನಡವನ್ನು ಓದಿ ಹೇಳುವ 'ಧ್ವನಿ' ತಂತ್ರಾಂಶವೂ ಇಷ್ಟರಲ್ಲೇ ಹೊಂದಿಕೊಳ್ಳಬೇಕಿತ್ತು. ಇದು ಸಾಧ್ಯವಾಗಲು ಕಾರಣ ಸರಳ: ತಂತ್ರಾಂಶದ ಮೂಲ ಪ್ರತಿ ಫ್ಲ್ಯಾಶ್‌ನಲ್ಲಿ ಹಾಗೆಯೇ ಇರುವುದರಿಂದ ಮೆಮೊರಿಯಲ್ಲಿರುವ ಅದರ ಪುಟವನ್ನು ಎಸೆದರೂ ನಷ್ಟವಿಲ್ಲ. ಬೇಕಾದಾಗ ಮತ್ತೆ ಓದಿಕೊಂಡರಾಯಿತು.

ಆದರೆ ಎಲ್ಲ ಪುಟಗಳನ್ನೂ ಹೀಗೆ ಎಸೆಯಲಾಗದು. ಬಳಕೆದಾರ ತಿದ್ದಿದ ಫೈಲಿನ ಪುಟವನ್ನು ಮೊದಲು ಡಿಸ್ಕಿಗೆ ಬರೆಯಬೇಕು. ಇನ್ನೂ ಬರೆಯದ ಇಂಥ ಪುಟಕ್ಕೆ 'ಡರ್ಟಿ' ಎಂದು ಹೆಸರು. ಪೆನ್‌ಡ್ರೈವನ್ನು ಏಕಾಏಕಿ ಕಿತ್ತರೆ ಫೈಲು ಹಾಳಾಗುವುದು ಬಹುಮಟ್ಟಿಗೆ ಇದರಿಂದಲೇ. ತಂತ್ರಾಂಶ ತನ್ನ ಕೆಲಸಕ್ಕೆಂದು ಪಡೆದ ಪುಟಕ್ಕೆ ಡಿಸ್ಕಿನಲ್ಲಿ ಪ್ರತಿಯೇ ಇರುವುದಿಲ್ಲ. ಅದನ್ನು ತೆರವು ಮಾಡಲು ಡಿಸ್ಕಿನಲ್ಲಿ ಇದಕ್ಕೆಂದೇ ಮೀಸಲಿಟ್ಟ 'ಸ್ವಾಪ್' ಜಾಗ ಬೇಕು.

ಖಾಲಿ ಪುಟಗಳು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಲಿನಕ್ಸ್‌ನಲ್ಲಿ 'ಕೆಸ್ವಾಪ್‌ಡಿ' ಎಂಬ ಹಿನ್ನೆಲೆಯ ಕೆಲಸಗಾರ ಎಚ್ಚರಗೊಂಡು, ಬಹುಕಾಲ ಯಾರೂ ಮುಟ್ಟದ ಪುಟಗಳನ್ನು ಬಿಡಿಸುತ್ತಾನೆ. ಅದೂ ಸಾಲದಾದಾಗ ಕರ್ನಲ್ ಯಾವುದಾದರೊಂದು ತಂತ್ರಾಂಶವನ್ನೇ ಬಲವಂತವಾಗಿ ನಿಲ್ಲಿಸುತ್ತದೆ.

ಹೀಗಾಗಿ ಲಿನಕ್ಸ್ ತೋರಿಸುವ ಮೆಮೊರಿ ಬಳಕೆಯ ಪಟ್ಟಿಯಲ್ಲಿ 'ಫ್ರೀ' ಎಂಬ ಅಂಕಣದಲ್ಲಿ ಸಣ್ಣ ಸಂಖ್ಯೆ ಕಂಡು ಗಾಬರಿಯಾಗಬೇಕಿಲ್ಲ. ನೋಡಬೇಕಾದದ್ದು 'ಅವೈಲಬಲ್' ಎಂಬ ಅಂಕಣ. ಹೊಸ ತಂತ್ರಾಂಶಕ್ಕೆ ಸ್ವಾಪ್‌ನ ಹಂಗಿಲ್ಲದೆ ಎಷ್ಟು ಮೆಮೊರಿ ಸಿಕ್ಕೀತೆಂಬ ಈ ಅಂದಾಜನ್ನು ಲಿನಕ್ಸ್ ಕರ್ನಲ್ 2014ರ 3.14ನೇ ಆವೃತ್ತಿಯಿಂದ ತಾನೇ ಲೆಕ್ಕಹಾಕಿ ಕೊಡುತ್ತಿದೆ. ಮೆಮೊರಿಯನ್ನು ಖಾಲಿ ಮಾಡಲೆಂದೇ ಇರುವ ಮೊಬೈಲಿನ 'ಮೆಮೊರಿ ಕ್ಲೀನರ್' ಆ್ಯಪ್‌ಗಳು ಮುಂದೆ ಬೇಕಾಗುವುದನ್ನೂ ಹೊರಹಾಕುತ್ತವೆ. ಮತ್ತೆ ಅದನ್ನೆಲ್ಲ ಓದಲು ಸಮಯವೂ ಬ್ಯಾಟರಿಯೂ ಖರ್ಚು. ಆ ಆ್ಯಪ್‌ಗಳನ್ನು ತೆಗೆದುಹಾಕುವುದೇ ಒಳ್ಳೆಯದು.