ಎಂಜಿನ್ನಿನಿಂದ ಇಳಿದ ಎಣ್ಣೆ ಎಲ್ಲಿಗೆ?

ಮಲೆನಾಡಿನ ಹಳ್ಳಿಗಳಲ್ಲಿ ಜೀಪು, ಬೈಕುಗಳಿಲ್ಲದೆ ಬದುಕು ಸಾಗದು. ಅಡಿಕೆಯನ್ನು ಮಂಡಿಗೆ ಸಾಗಿಸಲೂ, ರೋಗಿಯನ್ನು ಪೇಟೆಯ ಆಸ್ಪತ್ರೆಗೆ ಒಯ್ಯಲೂ ಅವೇ ಆಧಾರ. ಈ ವಾಹನಗಳಿಗೆ ಸಾಮಾನ್ಯ ಎಂಜಿನ್ ಆಯಿಲ್ ಬಿಟ್ಟು ಸಿಂಥೆಟಿಕ್ ಆಯಿಲ್ ಹಾಕಿಸಿರೆಂಬ ಸಲಹೆ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಬೆಲೆ ಹೆಚ್ಚಿನ ಈ ಎಣ್ಣೆಯಿಂದ ಪರಿಸರಕ್ಕೇನು ಲಾಭವೆಂಬುದು ವಿಚಾರಾರ್ಹ.

ಸಿಂಥೆಟಿಕ್ ಆಯಿಲ್‌ನ ಮೂಲವೂ ಬಹುಪಾಲು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲವೇ. ಆದರೆ ರಾಸಾಯನಿಕ ಕ್ರಿಯೆಯಿಂದ ಅದರ ಅಣುಗಳನ್ನು ಹೆಚ್ಚು ಏಕರೂಪವಾಗಿ ರೂಪಿಸಿರುವುದರಿಂದ ಅದು ಅಧಿಕ ಶಾಖದಲ್ಲಿಯೂ ಬೇಗ ಕೆಡುವುದಿಲ್ಲ. ಭಾರ ಹೊತ್ತು ಮೊದಲ ಗೇರಿನಲ್ಲಿ ಘಾಟಿ ಏರುವ ಎಂಜಿನ್ನಿಗೆ ಈ ಗುಣ ಉಪಕಾರಿ. ಎರಡೂ ಬಗೆಯ ಎಣ್ಣೆ ಪರಸ್ಪರ ಬೆರೆಯುವುದರಿಂದ ಬದಲಾವಣೆಗೆಂದು ಎಂಜಿನ್ ತೊಳೆಸಬೇಕಾಗಿಲ್ಲ. ವಾಹನದ ಕೈಪಿಡಿ ಹೇಳುವ ಸ್ನಿಗ್ಧತೆಯ ದರ್ಜೆಯನ್ನು ಮಾತ್ರ ತಪ್ಪಬಾರದು. ಎಂಜಿನ್ ಆಯಿಲ್‌ನಲ್ಲೇ ಕ್ಲಚ್ ಮುಳುಗಿರುವ ಬೈಕುಗಳಿಗೆ ಡಬ್ಬಿಯ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' ಎಂದಿರುವುದು ಅಗತ್ಯ. ಹಳೆಯ ಎಂಜಿನ್ನಿನಲ್ಲಿ ಸೋರಿಕೆಯಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಪರಿಸರದ ಲಾಭ ಅಡಗಿರುವುದು ಬದಲಾವಣೆಯ ಅವಧಿಯಲ್ಲಿ. 5 ಲೀಟರ್ ಆಯಿಲ್ ಹಿಡಿಯುವ ಜೀಪು ವರ್ಷಕ್ಕೆ 10,000 ಕಿ.ಮೀ. ಓಡುತ್ತದೆಂದುಕೊಳ್ಳೋಣ. 5,000 ಕಿ.ಮೀ.ಗೊಮ್ಮೆ ಬದಲಿಸಿದರೆ 10 ಲೀಟರ್ ತ್ಯಾಜ್ಯ. ಕೈಪಿಡಿಯ ಒಪ್ಪಿಗೆಯಿದ್ದು 10,000 ಕಿ.ಮೀ.ಗೊಮ್ಮೆ ಬದಲಿಸಿದರೆ 5 ಲೀಟರ್. ಆದರೆ ಧೂಳು, ಏರುದಾರಿ, ಭಾರದ ಬಳಕೆಗೆ ಕೈಪಿಡಿಗಳು ಅವಧಿಯನ್ನು ಕಡಿಮೆ ಮಾಡುತ್ತವೆಂಬುದನ್ನು ಘಟ್ಟದವರು ಮರೆಯುವಂತಿಲ್ಲ.

ಉಳಿದ 5 ಲೀಟರಿನ ಗತಿಯೇನು? ಸಿಂಥೆಟಿಕ್ ಆದರೂ ಬಳಸಿದ ಎಣ್ಣೆ ವಿಷವೇ. ಸವೆದ ಲೋಹದ ಕಣಗಳು, ಕ್ಯಾನ್ಸರ್‌ಕಾರಕ ಸಂಯುಕ್ತಗಳು ಅದರಲ್ಲಿ ಸೇರಿರುತ್ತವೆ. ಒಂದು ಬಾರಿ ಬದಲಿಸಿದ ಎಣ್ಣೆ ಅದರ ಹತ್ತು ಲಕ್ಷ ಪಟ್ಟು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಹಾಗಿದ್ದೂ ಬೇಲಿಗೂಟಕ್ಕೆ, ಗೆದ್ದಲಿಗೆ, ಸೆಂಟ್ರಿಂಗ್ ಹಲಗೆಗೆ ಕರಿ ಆಯಿಲ್ ಬಳಿಯುವ ರೂಢಿ ನಿಂತಿಲ್ಲ, ಮಿಕ್ಕಿದ್ದು ಚರಂಡಿಗೆ. ಗುಡ್ಡದ ಅಬ್ಬಿ ನೀರನ್ನೇ ಪೈಪಿನಲ್ಲಿ ಮನೆಗೆ ತಂದು ಕುಡಿಯುವ ಊರುಗಳಲ್ಲಿ ಮೇಲಿನವರು ಚೆಲ್ಲಿದ್ದು ಕೆಳಗಿನವರ ಕೊಡಕ್ಕೆ ಬರುತ್ತದೆ.

ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧೀಕರಿಸಿ ಮತ್ತೆ ಮೂಲತೈಲವಾಗಿಸಬಹುದು. 2024ರ ಏಪ್ರಿಲ್ 1ರಿಂದ ಈ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಲಾಗಿದೆ. ಆದರೆ ಹಳ್ಳಿಯ ಡಬ್ಬಿ ಅಲ್ಲಿಗೆ ತಲುಪುವ ದಾರಿಯಾಗಬೇಕು. ಎಣ್ಣೆಯನ್ನು ನೀರು, ಸೀಮೆಎಣ್ಣೆ ಬೆರೆಸದೆ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವ ಗ್ಯಾರೇಜಿಗೇ ಕೊಡಬೇಕು. ಗ್ರಾಮ ಪಂಚಾಯಿತಿಗಳು ಘನತ್ಯಾಜ್ಯದ ಜೊತೆಗೆ ಇದಕ್ಕೂ ಒಂದು ಸಂಗ್ರಹ ಕೇಂದ್ರ ತೆರೆಯುವಂತೆ ಗ್ರಾಮಸಭೆಗಳು ಒತ್ತಾಯಿಸಬೇಕು. ಯಾವ ಎಣ್ಣೆ ಹಾಕಿಸಬೇಕೆಂಬುದು ವಾಹನದವರ ಜೇಬಿಗೆ ಬಿಟ್ಟದ್ದು. ಇಳಿಸಿದ ಎಣ್ಣೆ ಹಳ್ಳ ಸೇರದಂತೆ ಕಾಯುವುದು ಇಡೀ ಊರಿನ ಹೊಣೆ.